ಕೆಂಪು ರೇಶ್ಮೆಯ ಶಿವದಾರ

ಹೊಳಬಸಪ್ಪನಿಗೆ ಸತ್ಯವ್ವನ ಮೊದಲ ಪರಿಚಯವಾದದ್ದು ತಲೆಗೂದಲಿನ ಮೂಲಕ. ಪಟ್ಟದಕಲ್ಲಿನ ಹತ್ತಿರ ಮಲಪ್ರಭೆಯ ನಡುನೀರಿನಲ್ಲಿ ಅವನು ತನ್ನ ಪಾಡಿಗೆ ಕೈಕಾಲು ಬಡಿಯುತ್ತಿದ್ದಾಗ ಯಾರೋ ಹಿಂದಿನಿಂದ ಕೂದಲು ಹಿಡಿದು ಎಳೆದರು. ತಿರುಗಿ ನೋಡಿದರೆ ಹರಿಗೋಲಿನ ಅಂಚಿನಿಂದ ಬಾಗಿದ್ದ ಒಂದು ಕೋಪದ ಮುಖ.

"ಸಾಯಾಕ ನಮ್ಮ ಹೊಳಿನ ಬೇಕಾಗಿತ್ತೇನ ನಿನಗ? ಅದೂ ಅಮಾಸಿ ದಿನ!"

"ಬಿಡ್ರೀ! ನಾ ಸಾಯಾಕತ್ತಿಲ್ಲ, ಈಸಾಕತ್ತೇನಿ!"

"ಇದಕ್ಕ ಈಸೂದು ಅಂತಾರಾ ನಿಮ್ಮೂರಾಗ?"

"ನಮ್ಮೂರು ಇಳಕಲ್ಲ ರೀ. ಬಾವ್ಯಾಗ ಕಲ್ತೇನಿ."

ಹುಡುಗಿ ಕೂದಲು ಬಿಟ್ಟಳು. ಸಿಟ್ಟು ಇಳಿದ ಮೇಲೆ ಆ ಮುಖ ಎಷ್ಟು ಚೆಂದವಿದೆ ಎಂಬುದು ಹೊಳಬಸಪ್ಪನಿಗೆ ತಿಳಿಯಿತು. ತಿಳಿದ ಗಳಿಗೆಯಲ್ಲೇ ಅವನು ಒಂದು ಗುಟುಕು ನೀರು ಕುಡಿದು ಕೆಮ್ಮಿದ.

"ಅದಕ್ಕ ಹಿಂಗ," ಎಂದಳು ಅವಳು. "ಬಾವಿ ನೀರು ಕುಂತಿರತೈತಿ. ಹೊಳಿ ನೀರು ನಡೀತೈತಿ. ನೀವು ಆ ದಂಡಿ ನೋಡಿ ಸೀದಾ ಹೊಂಟೀರಿ, ಹೊಳಿ ನಿಮ್ಮನ್ನ ಮಡುವಿನ ಕಡೆ ಒಯ್ಯಾಕತ್ತಿತ್ತು. ಗೊತ್ತಾತೇನ್ರಿ?"

ಅವಳು ತೋರಿಸಿದ ಕಡೆ ನೀರು ಕಪ್ಪಗೆ, ಸಪ್ಪಳವಿಲ್ಲದೆ, ತನ್ನೊಳಗೆ ತಾನೇ ಸುತ್ತುತ್ತಿತ್ತು. ಹೊಳಬಸಪ್ಪ ಹರಿಗೋಲಿನ ಅಂಚು ಹಿಡಿದುಕೊಂಡ.

ಅದು ೧೯೮೫ರ ಮಾತು. ಹೊಳಬಸಪ್ಪ ಇಳಕಲ್ಲಿನ ಸೀರೆ ನೇಕಾರ. ಬದಾಮಿಯ ಒಂದು ತರುಣ ಮಂಡಳದವರು ಆ ಸೆಪ್ಟೆಂಬರಿನಲ್ಲಿ ಹೊಸ ನಮೂನೆಯ ಸ್ಪರ್ಧೆ ಇಟ್ಟಿದ್ದರು. ಪಟ್ಟದಕಲ್ಲಿನಲ್ಲಿ ಹೊಳೆಯನ್ನು ನಾಲ್ಕು ಸಲ ಈಜಿ ದಾಟಬೇಕು, ಅಲ್ಲಿಂದ ಬದಾಮಿಗೆ ಸೈಕಲ್ ತುಳಿಯಬೇಕು, ಬದಾಮಿಯಿಂದ ಬನಶಂಕರಿಯವರೆಗೆ ಓಡಬೇಕು. ಹ್ಯಾಂಡ್‌ಬಿಲ್ಲಿನಲ್ಲಿ 'ಟ್ರಯಥ್ಲಾನ್' ಎಂದು ಅಚ್ಚಾಗಿತ್ತು. ಅದನ್ನು ಸರಿಯಾಗಿ ಅನ್ನಲು ಬರುತ್ತಿದ್ದದ್ದು ಸ್ಪರ್ಧೆ ನಡೆಸುತ್ತಿದ್ದ ಡ್ರಿಲ್ ಮಾಸ್ತರ ಹುಲ್ಲಪ್ಪನವರೊಬ್ಬರಿಗೇ. ಮಗ್ಗದ ಗುಂಡಿಯಲ್ಲಿ ಕೂತ ಕಾಲುಗಳು ಓಡಲೂಬಲ್ಲವು ಎಂದು ಹೊಳಬಸಪ್ಪನಿಗೆ ಊರಿಗೆಲ್ಲ ತೋರಿಸಬೇಕಿತ್ತು.

ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತಿತ್ತು. ಆದ್ದರಿಂದ ಪ್ರತಿ ಅಮಾವಾಸ್ಯೆಗೆ ಅವನು ಬೆಳಕು ಹರಿಯುವ ಮುಂಚೆ ಎದ್ದು, ಹುನಗುಂದ, ಅಮೀನಗಡ ದಾಟಿ ಸೈಕಲ್ ತುಳಿದು ಹೊಳೆಗೆ ಬರುತ್ತಿದ್ದ. ಒಳ್ಳೆಯ ದಿನವೆಲ್ಲ ಬಿಟ್ಟು ಅಮಾವಾಸ್ಯೆಗೇ ನೀರಿಗಿಳಿಯುವ ಈ ಮನುಷ್ಯನನ್ನು ಕಂಡರೆ ಸತ್ಯವ್ವನ ತಂದೆ, ಅಂಬಿಗರ ಅಮಸಿದ್ದಪ್ಪ, ಮುಖ ಗಂಟಿಕ್ಕುತ್ತಿದ್ದ. ಮಗಳು ಮಾತ್ರ ಅಂದು ಬೆಳಗಿನಿಂದಲೇ ದಾರಿ ನೋಡುತ್ತಿದ್ದಳು. ನೋಡುತ್ತಿಲ್ಲವೆಂದು ತೋರಿಸಲು ಖಾಲಿ ಹರಿಗೋಲನ್ನು ಮೂರು ಮೂರು ಸಲ ತೊಳೆಯುತ್ತಿದ್ದಳು.

ಹೊಳೆ ದಾಟುವುದನ್ನು ಕಲಿಸಿದವಳು ಅವಳೇ. ಮೊದಲು ಮೇಲ್ಮುಖವಾಗಿ ಹೋಗಬೇಕು, ಆಮೇಲೆ ಹೊಳೆಯೇ ದಂಡೆಗೆ ತಂದು ಬಿಡುತ್ತದೆ. ಅವನು ತಪ್ಪಿದಾಗ ಹರಿಗೋಲಿನ ಹುಟ್ಟಿನಿಂದ ಮುಖಕ್ಕೆ ನೀರು ಎರಚುತ್ತಿದ್ದಳು. ಅವನು ಬೇಕೆಂದೇ ತಪ್ಪುವುದನ್ನೂ ಕಲಿತ.

ಮೂರನೆಯ ಅಮಾವಾಸ್ಯೆಗೆ ಅವಳು ಅವನ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ತೋರಿಸಿ ಕೇಳಿದಳು, "ಲಿಂಗಾ ತಗದಿಟ್ಟು ಈಸಬಾರದೇನ್ರಿ?"

"ಮೈಮ್ಯಾಲಿಂದ ತಗಿಯೂದಿಲ್ಲ."

"ನೀರಾಗ ಬಿದ್ದು ಹೋದ್ರ?"

"ಹೋದ್ರ ಜೀವಾನೂ ಹೋದಂಗ. ಅದು ಮತ್ತ ಕೊಳ್ಳಿಗೆ ಬರೂತನಕ ಹನಿ ನೀರು ಮುಟ್ಟಂಗಿಲ್ಲ ಅಂತಾಳ ನಮ್ಮವ್ವ. ಮೊದಲಿನವರು ಪ್ರಾಣಾನ ಬಿಡತಿದ್ರಂತ."

ಅವನು ಇದನ್ನು ನಗುತ್ತ ಹೇಳಿದ. ಸತ್ಯವ್ವ ನಗಲಿಲ್ಲ. ಹೊಳೆಯ ಮೇಲೆ ಬೆಳೆದವಳಿಗೆ ಪ್ರಾಣದ ಮಾತು ಚೇಷ್ಟೆಯದಲ್ಲ.

ಸ್ಪರ್ಧೆಯ ದಿನ ಬಂತು. ಮೇಲಿನ ಊರುಗಳಲ್ಲಿ ಮಳೆಯಾಗಿ ನೀರಿಗೆ ಕೆಂಬಣ್ಣ ಬಂದಿತ್ತು. ಹತ್ತೊಂಬತ್ತು ಮಂದಿ ಚಡ್ಡಿ ತೊಟ್ಟು ದಂಡೆಯ ಮೇಲೆ ನಡುಗುತ್ತ ನಿಂತಿದ್ದರು. ಯಾರಾದರೂ ಮುಳುಗಿದರೆ ಎತ್ತಲೆಂದು ಅಮಸಿದ್ದಪ್ಪನ ಹರಿಗೋಲನ್ನು ಗೊತ್ತುಮಾಡಿದ್ದರು. ಅದರಲ್ಲಿ ಸತ್ಯವ್ವ ನಿಂತಿದ್ದಳು.

ಅವಳ ಕಣ್ಣು ನೇರವಾಗಿ ಅವನ ಎದೆಗೆ ಹೋಯಿತು. ಕರಡಿಗೆ ಕಟ್ಟುವ ಬಿಳಿಯ ಶಿವದಾರದ ಜಾಗದಲ್ಲಿ ಕೆಂಪು ದಾರವಿತ್ತು.

"ಇದ್ಯಾವುದ್ರಿ ಹೊಸಾದು?"

"ರೇಶ್ಮಿ. ಸೀರಿ ಸೆರಗಿಂದು ಉಳಿದಿತ್ತು. ನಾನ ಹೊಸದೇನಿ." ಅವಳು ನೋಡಲೆಂದೇ ಹೊಸೆದಿದ್ದ. ಅದನ್ನು ಮಾತ್ರ ಹೇಳಲಿಲ್ಲ.

"ರೇಶ್ಮಿ ನೀರಾಗ ಜಾರತೈತಿ. ನೂಲಿಂದು ಹಾಕ್ಕೋರಿ. ನಮ್ಮಪ್ಪನ ಕಡೆ ಹಗ್ಗದ ಎಳಿ ಐತಿ, ಕೊಡ್ಲೇನು?"

"ನೇಕಾರನ ಗಂಟು ಇದು, ಸತ್ಯವ್ವ. ಕತ್ತರಸಬೇಕು, ಬಿಚ್ಚೂದಿಲ್ಲ."

ಮಗ್ಗದ ಮೇಲೆ ಅದು ಖರೆ. ಆದರೆ ಒಣ ದಾರದ ಗಂಟಿನ ಮೇಲಿನ ಜಂಬವನ್ನು ಅವನು ತೊಯ್ದ ದಾರಕ್ಕೂ ಒಯ್ದಿದ್ದ. ನೀರಿಗಿಳಿದು ನೇಯ್ದವರು ಅವನ ಮನೆತನದಲ್ಲಿ ಯಾರೂ ಇರಲಿಲ್ಲವಲ್ಲ. ಸೀಟಿ ಊದಿದರು.

ನೀರು ಐಸಿನಂತೆ ಕೊರೆಯಿತು. ಎಲ್ಲರ ಕೈ ಎಲ್ಲರ ಮುಖಕ್ಕೆ ತಾಗುತ್ತಿತ್ತು. ಒಬ್ಬನ ಹಿಮ್ಮಡಿ ಹೊಳಬಸಪ್ಪನ ಕಿವಿಗೆ ಬಡಿದು ಕ್ಷಣ ಕತ್ತಲಾಯಿತು. ಎಲ್ಲರೂ ಸೀದಾ ಹೊರಟು ಕೆಳಗೆ ಜಾರುತ್ತಿದ್ದಾಗ ಅವನು ಮೇಲ್ಮುಖವಾಗಿ ಹೋಗಿ ಸರಿಯಾಗಿ ದಂಡೆ ಮುಟ್ಟಿದ. ಎರಡು, ಮೂರು. ನಾಲ್ಕನೆಯ ಸಲ ತೋಳು ಸೋತು, ಹೊಳೆ ಅವನನ್ನು ಮಡುವಿನ ಅಂಚಿಗೆ ಎಳೆಯಿತು. ಅಲ್ಲಿ ಕತ್ತಿಗೆ ಏನೋ ತೊಡರಿದಂತಾಗಿ, ಮತ್ತೆ ಹಗುರಾಯಿತು. ಕಸವಿರಬೇಕೆಂದುಕೊಂಡು ಅವನು ಉಸಿರು ಬಿಗಿಹಿಡಿದು ದಂಡೆಗೆ ಬಿದ್ದ. ಮೂರನೆಯವನು!

ಒದ್ದೆ ಮೈಯ ಮೇಲೆಯೇ ಬನಿಯನ್ ಎಳೆದುಕೊಂಡು ಸೈಕಲ್ ಹತ್ತಿದ. ಹಿಂದಿನಿಂದ ಸತ್ಯವ್ವ ಏನೋ ಕೂಗುತ್ತಿದ್ದಳು. ಹಲಗೆಯ ಬಡಿತ, ಸೀಟಿ, ಜನರ ಕೇಕೆಯ ನಡುವೆ ಅದು ತನ್ನನ್ನು ಹುರಿದುಂಬಿಸುವ ಕೂಗೆಂದು ತಿಳಿದು ಅವನು ತಿರುಗದೆ ಕೈ ಬೀಸಿದ.

ಅರ್ಧ ದಾರಿಯಲ್ಲಿ ಇಬ್ಬರನ್ನೂ ಹಿಂದೆ ಹಾಕಿದ. ಸಂತೋಷಕ್ಕೆ ಕೈ ತಾನಾಗಿ ಎದೆಗೆ ಹೋಯಿತು, ಲಿಂಗ ಮುಟ್ಟಿ ಹಣೆಗೆ ಒತ್ತಿಕೊಳ್ಳಲು.

ಎದೆಯ ಮೇಲೆ ಬನಿಯನ್ ಬಿಟ್ಟರೆ ಏನೂ ಇರಲಿಲ್ಲ.

ಕಾಲುಗಳು ಮಾತ್ರ ಪೆಡಲ್ ತುಳಿಯುತ್ತಲೇ ಇದ್ದವು. ನಿಲ್ಲಿಸುವುದೂ ಅವನಿಗೆ ಹೊಳೆಯಲಿಲ್ಲ. ಇನ್ನು ತನಗೇನೋ ಆಗಲಿದೆ, ಈ ತಿರುವಿನಲ್ಲೋ ಮುಂದಿನ ಇಳಿಜಾರಿನಲ್ಲೋ ಆಗಲಿದೆ ಎಂದು ಅವನು ಖಚಿತವಾಗಿ ನಂಬಿದ. ದಾರಿಬದಿಯ ಹೆಂಗಸೊಬ್ಬಳು ತಂಬಿಗೆ ಮುಂದೆ ಚಾಚಿ, "ನೀರು ಕುಡಿಯೋ ಎಪ್ಪಾ" ಎಂದಾಗ ಮುಖ ತಿರುಗಿಸಿದ. ಬದಾಮಿಯಲ್ಲಿ ಸೈಕಲ್ ಎಸೆದು ಓಡಲು ನಿಂತಾಗಲೂ ನೀರು ಕೊಟ್ಟರು. ಬೇಡವೆಂದು ಅಲ್ಲಾಡಿಸಿದ ತಲೆ ಗಿರ್ರೆಂದು ತಿರುಗಿತು.

ಓಟ ಎಂಬುದು ಹೆಸರಿಗೆ. ನಾಲಿಗೆ ಅಂಗುಳಕ್ಕೆ ಅಂಟಿತ್ತು, ತೊಡೆಗಳು ಕಟ್ಟಿಗೆಯಾಗಿದ್ದವು. ಆದರೂ ಅವನೇ ಮುಂದಿದ್ದ. ಬನಶಂಕರಿಯ ದೀಪಸ್ತಂಭ ಮರಗಳ ಮೇಲೆ ಕಾಣತೊಡಗಿದಾಗ ಹಿಂದಿನಿಂದ ಮೋಟರ್‌ಸೈಕಲ್ ಬಂತು. ಹುಲ್ಲಪ್ಪ ಮಾಸ್ತರು.

"ಶಾಬ್ಬಾಸ್! ಇನ್ನೊಂದ ಫರ್ಲಾಂಗು!" ಎಂದವರು ದನಿ ತಗ್ಗಿಸಿದರು. "ಹೊಳಿ ಕಡೆ ಒಂದು ಕೆಟ್ಟ ಸುದ್ದಿ ಐತಿ. ಬಸ್ಸಿನ ಕಂಡಕ್ಟರ್ ಹೇಳಿದ. ಆ ಅಂಬಿಗರ ಹುಡಿಗಿ ಏನೋ ಹುಡಕಾಕಂತ ಮಡುವಿಗೆ ಇಳದಾಳಂತ. ಅಂವ ಹೊಂಡೂತನಕ ಮ್ಯಾಲ ಬಂದಿರಲಿಲ್ಲಂತ."

ಹೊಳಬಸಪ್ಪ ನಿಂತುಬಿಟ್ಟ. ಏನೋ ಆಗಲಿದೆ ಎಂದು ಅಷ್ಟು ದೂರ ಹೆದರುತ್ತ ಬಂದವನಿಗೆ, ಅದು ತನಗೇ ಆಗಬೇಕೆಂದಿಲ್ಲ ಎಂಬುದು ಹೊಳೆದೇ ಇರಲಿಲ್ಲ.

"ಗಾಡಿ ತಿರುವ್ರಿ ಸರ್."

"ಲೇ, ಹುಚ್ಚ ಹಿಡದೈತೇನ? ದೀಪದ ಕಂಬ ಕಾಣಾಕತ್ತೈತಿ!"

"ತಿರುವ್ರಿ ಸರ್, ನಿಮ್ಮ ಕಾಲ ಬೀಳ್ತೇನಿ."

ಬದಾಮಿಯ ಹುಡುಗನೊಬ್ಬ ಅವರನ್ನು ದಾಟಿ ಓಡಿದ. ಮಾಸ್ತರು ಅವನ ಬೆನ್ನನ್ನೊಮ್ಮೆ, ಹೊಳಬಸಪ್ಪನ ಮುಖವನ್ನೊಮ್ಮೆ ನೋಡಿ ಗಾಡಿ ತಿರುಗಿಸಿದರು.

ಆ ದಾರಿ ಅಷ್ಟು ಉದ್ದವಾಗಿ ಅವನಿಗೆ ಎಂದೂ ಕಂಡಿರಲಿಲ್ಲ. ಮಾಸ್ತರ ಹೆಗಲು ಹಿಡಿದು ಕೂತವನು ಒಂದೇ ಮಾತನ್ನು ಮೆಲುಕು ಹಾಕುತ್ತಿದ್ದ. ಜೀವ ಹೋದಂತೆ ಎಂದು ಅವಳಿಗೆ ಹೇಳಿದವನು ನಾನು. ನಗುತ್ತ ಹೇಳಿದವನು ನಾನು. ಎದುರು ಬಂದ ಜನ ಹೊಳೆಯ ಕಡೆಯಿಂದ ಸುಮ್ಮನೆ ಬರುತ್ತಿದ್ದರು. ಅವರನ್ನು ನಿಲ್ಲಿಸಿ ಕೇಳುವ ಧೈರ್ಯ ಅವನಿಗಾಗಲಿಲ್ಲ.

ದಂಡೆಯ ಮೇಲೆ ಹೆಂಗಸರು ಗುಂಪುಗೂಡಿದ್ದರು. ಹರಿಗೋಲು ಖಾಲಿ ನಿಂತಿತ್ತು. ಅಮಸಿದ್ದಪ್ಪ ಎದೆಮಟ್ಟ ನೀರಿನಲ್ಲಿ ಹಗ್ಗ ಹಿಡಿದು ನಿಂತಿದ್ದ, ಹಗ್ಗದ ಇನ್ನೊಂದು ತುದಿ ಮಡುವಿನೊಳಗೆ ಇಳಿದಿತ್ತು.

"ಸತ್ಯವ್ವಾ!" ಒಣಗಿದ ಗಂಟಲಿನಿಂದ ಆ ಕೂಗು ಹೊರಗೇ ಬರಲಿಲ್ಲ. ಅವನು ನೀರಿಗೆ ಧುಮುಕಿದ. ಮುದುಕನ ಕೈಯೊಂದಿಗೆ ತನ್ನ ಕೈಯನ್ನೂ ಸೇರಿಸಿ ಹಗ್ಗ ಜಗ್ಗಿದ. ಮೊದಲು ಹಗ್ಗ ಮಿಸುಕಲಿಲ್ಲ. ಆಮೇಲೆ ಒಮ್ಮೆಲೇ ಹಗುರಾಗಿ, ನೀರು ಒಡೆದು ಕಪ್ಪು ತಲೆಯೊಂದು ಮೇಲೆ ಬಂತು. ಬಾಯಿ ತೆರೆದು ಅವಳು ಉಸಿರು ಎಳೆದುಕೊಂಡ ಸಪ್ಪಳ ದಂಡೆಯವರೆಗೆ ಕೇಳಿಸಿತು.

ತುಟಿಗಳು ನೀಲಿಗಟ್ಟಿದ್ದವು. ಅವನನ್ನು ಕಂಡವಳು ನಾಚಲಿಲ್ಲ, ನಗಲಿಲ್ಲ. ತಪ್ಪು ಮಾಡಿದವಳಂತೆ ಮುಖ ಕೆಳಗೆ ಹಾಕಿದಳು.

"ಕೆಂಪು ದಾರ ಇಲ್ಲೇ ತೇಲಾಕತ್ತಿತ್ತು, ಕಣ್ಣಾರೆ ಕಂಡೇನಿ. ಹನ್ನೊಂದು ಸಲ ಇಳದೆ. ಬರೇ ರಾಡಿ. ಇನ್ನೊಂದ ಸಲ..."

"ಸಾಕು."

"ಯಪ್ಪಾ, ಹಗ್ಗ ಬಿಡು. ಇನ್ನೊಂದ ಸಲ..."

"ಸಾಕಂದ್ನೆಲ್ಲ!" ಹೊಳಬಸಪ್ಪ ಅವಳ ಎರಡೂ ಮುಂಗೈ ಹಿಡಿದ. ಅವಳ ತಂದೆ ಎದುರಿಗೇ ಇದ್ದಾನೆಂಬುದು ಅವನಿಗೆ ಆಗ ನೆನಪಾಗಲಿಲ್ಲ. "ಇನ್ನೊಂದ ಸಲ ಇಳದಿ ಅಂದ್ರ ನಿನ್ನ ಹಿಂದ ನಾನೂ ಇಳೀತೇನಿ. ಮ್ಯಾಲ ಬರೂದಿಲ್ಲ."

"ಮತ್ತ ನೀವು ಸಾಯ್ತೇನಿ ಅಂದಿದ್ರೆಲ್ಲ?" ಎಂದಳು ಅವಳು. "ಅದು ಇಲ್ದ ಹನಿ ನೀರು ಮುಟ್ಟಂಗಿಲ್ಲ ಅಂದಿದ್ರಿ. ಮುಂಜಾನಿಂದ ಏನಾರ ಕುಡದೀರೇನು? ಖರೆ ಹೇಳ್ರಿ."

ಅವನ ಒಡೆದ ತುಟಿಯನ್ನು ಅವಳು ನೋಡುತ್ತಿದ್ದಳು.

"ನಮ್ಮ ಮಠದ ಅಯ್ಯನವರ ಕಾಲಿಗೆ ಬಿದ್ದು ತಪ್ಪಾತು ಅಂತೇನಿ," ಎಂದ ಅವನು, ನಿಧಾನವಾಗಿ. "ಬೈತಾರ. ಬೈದು ಇನ್ನೊಂದು ಲಿಂಗಾ ಕಟ್ತಾರ. ನೀ ಹೋಗಿದ್ರ ಯಾರ ಮನಿ ಬಾಗಲಕ್ಕ ಹೋಗಿ ಕೇಳ್ಲಿ ನಾ, ಇನ್ನೊಬ್ಬಾಕಿ ಸತ್ಯವ್ವನ್ನ ಕೊಡ್ರಿ ಅಂತ?"

ಅಮಸಿದ್ದಪ್ಪ ಬೇರೆ ಕಡೆ ತಿರುಗಿ ಹಗ್ಗ ಸುತ್ತತೊಡಗಿದ. ಸುತ್ತುವುದಕ್ಕೆ ಅಷ್ಟೊಂದು ಹಗ್ಗವೇನೂ ಇರಲಿಲ್ಲ.

"ಸತ್ಯವ್ವ," ಎಂದ ಹೊಳಬಸಪ್ಪ. "ನೀರು ಕೊಡು."

"ಬ್ಯಾಡ್ರಿ. ಆಮ್ಯಾಲ ನಿಮಗೇನಾರ ಆದ್ರ?"

"ಆಗಲಿ. ನಿನ್ನ ಕೈಲೆ ಕೊಡು."

ಅವಳು ಬೊಗಸೆಯಲ್ಲಿ ಹೊಳೆಯ ಕೆಂಪು ನೀರನ್ನು ಎತ್ತಿ ಹಿಡಿದಳು. ಅವನು ತಲೆ ಬಾಗಿಸಿ, ಹೆದರುತ್ತಲೇ, ಪೂರ್ತಿ ಕುಡಿದ. ಇಬ್ಬರೂ ಉಸಿರು ಹಿಡಿದು ಕಾದರು. ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು.

ಎರಡನೆಯ ಬೊಗಸೆಯನ್ನು ಅವನು ಕೇಳಲಿಲ್ಲ. ಅವಳೇ ತುಂಬಿ ಅವನ ಬಾಯಿಗೆ ಹಿಡಿದಳು.