ಕಿವಿಗಲ್ಲಿನ ಸಾಕ್ಷಿ

ನೀಲವ್ವನ ಹಳ್ಳದ ಕೆಸರಿನಿಂದ ಸೋಸಿ ತೆಗೆದ ಸಾಸಿವೆ ಗಾತ್ರದ ಕಲ್ಲೊಂದನ್ನು ಡಾ. ಸುಮೇಧಾ ತಾನೇ ಕಂಡುಹಿಡಿದ ಯಂತ್ರದೊಳಗೆ ಇಟ್ಟಳು. ಹಸಿರು ಬೆಳಕು ಕಲ್ಲನ್ನು ಸುತ್ತಿ ಬಂತು. ಪರದೆಯ ಮೇಲೆ ಕೂದಲೆಳೆಯಂಥ ಉಂಗುರಗಳು ಒಂದೊಂದಾಗಿ ಬಿಚ್ಚಿಕೊಂಡವು.

“ಇದು ಮೀನಿನ ಕಿವಿಗಲ್ಲು, ಅಜ್ಜಿ. ಮೀನಿನ ಕಿವಿಯೊಳಗೆ ದಿನಕ್ಕೊಂದು ಪದರ ಬೆಳೆಯುತ್ತೆ. ಆ ದಿನ ನೀರಲ್ಲಿ ಏನು ಕರಗಿತ್ತೋ ಅದೂ ಪದರದಲ್ಲಿ ಉಳಿದುಬಿಡುತ್ತೆ. ಯಾವ ಮೀನು, ಯಾವ ವರ್ಷ, ಯಾತರಿಂದ ಸತ್ತಿತು ಅಂತ ಇದು ಓದಿ ಹೇಳುತ್ತೆ.”

ಅಂಬಿಗೇರ ದುರ್ಗವ್ವ ದಂಡೆಯ ಬಂಡೆಯ ಮೇಲೆ ಕೂತು ಕೇಳುತ್ತಿದ್ದಳು. 2068ರ ಈ ಬೇಸಿಗೆಗೆ ಅವಳಿಗೆ ಎಪ್ಪತ್ತು ದಾಟಿತ್ತು. ಮೂವತ್ತನಾಲ್ಕು ವರ್ಷಗಳ ಹಿಂದೆ ಒಂದು ಮುಂಜಾನೆ ಹಳ್ಳದ ತುಂಬ ಮೀನು ಸತ್ತು ತೇಲಿದಾಗ, ವಿಷ ಹಾಕಿದವನು ಅಲ್ಲಿ ಬಲೆ ಬೀಸುತ್ತಿದ್ದ ಅವಳ ಗಂಡ ಹನುಮಂತನೇ ಎಂದು ಊರು ತೀರ್ಮಾನಿಸಿತ್ತು. ಅವನ ಬಲೆ ಸುಟ್ಟರು. ಮಾತು ಬಿಟ್ಟರು. ಅವನು ತೀರಿಕೊಂಡಾಗ ಹೆಗಲು ಕೊಡಲು ಪಕ್ಕದೂರಿನವರು ಬರಬೇಕಾಯಿತು. ಅಂದಿನಿಂದ ಆ ಮನೆಯಲ್ಲಿ ಎರಡನೆಯ ದನಿ ಕೇಳಿರಲಿಲ್ಲ.

ಸಂಜೆಯ ಹೊತ್ತಿಗೆ ಇನ್ನೂರು ಕಲ್ಲುಗಳ ಓದು ಮುಗಿಯಿತು.

“ನಿಮ್ಮ ಯಜಮಾನರು ವಿಷ ಹಾಕಿಲ್ಲ,” ಎಂದಳು ಸುಮೇಧಾ. “ಹಳ್ಳದ ಮೇಲ್ಗಡೆ ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೆ ಇತ್ತಲ್ಲ, ಅದರ ನೀರು. ಅದೂ ಒಂದು ದಿನದ್ದಲ್ಲ, ಎಂಟು ವರ್ಷದ್ದು. ಮೊದಲು ಕೊಳಕು ತಾಳದ ಸಣ್ಣ ಮೀನುಗಳು ಹೋದವು, ಆಮೇಲೆ ಗೆಂಡೆ, ಆಮೇಲೆ ಬಾಳೆಮೀನು. ಕೊಳಕಿಗೂ ಜಗ್ಗದ ಮೀಸೆಯ ಕ್ಯಾಟ್‌ಫಿಶ್ ಒಂದೇ ಉಳಿದಿತ್ತು. ಆ ಮುಂಜಾನೆ ತೇಲಿದ್ದು ಅದೇ.”

ದುರ್ಗವ್ವ ದಡಬಡಿಸಿ ಎದ್ದು, ಊರ ಕಡೆ ನಾಲ್ಕು ಹೆಜ್ಜೆ ಹಾಕಿ, ಅಲ್ಲೇ ನಿಂತುಬಿಟ್ಟಳು.

“ಯಾರಿಗಂತ ಹೇಳಲಿ, ಯವ್ವಾ? ಅಂದವರೆಲ್ಲ ಮಣ್ಣಾಗ್ಯಾರ. ಈಗಿನ ಮಂದಿಗೆ ಇಲ್ಲಿ ಮೀನಿದ್ದುವು ಅನ್ನೋದಽ ಗೊತ್ತಿಲ್ಲ.”

ಸುಮೇಧಾ ಪರದೆಯ ತಳದಲ್ಲಿದ್ದ ತೀರ ಮಸುಕಾದ ಕಲೆಯೊಂದನ್ನು ತೋರಿಸಿದಳು. “ವಿಷದ ಮೊದಲ ಗುರುತು ಇದು. 2026. ಕಲ್ಲಿಗೆ ಕಚ್ಚಿಕೊಂಡು ಬದುಕೋ ಬೆರಳುದ್ದದ ಮೀನು ಆ ವರ್ಷವೇ ಇಲ್ಲವಾಗಿದೆ. ಆಗ ಯಾರ ಗಮನಕ್ಕೂ ಬರಲಿಲ್ಲವಾ?”

“ನಾ ಲಗ್ನಾಗಿ ಬಂದ ವರ್ಷ ಅದು. ನೀರು ಕನ್ನಡಿ ಹಂಗ ಇತ್ತು. ಬೊಗಸಿಲೆ ಕುಡೀತಿದ್ವಿ.” ದುರ್ಗವ್ವ ಹಳ್ಳದ ಕಡೆ ತಿರುಗಿದಳು. “ನಮ್ಮ ಮನಿಯವರಿಗೆ ಗೊತ್ತಾಗಿತ್ತು. ಮೀನು ಕಮ್ಮಿ ಆಗ್ಯಾವ, ನೀರಾಗ ಏನೋ ಐತಿ ಅಂತ ಊರ ಮುಂದ ಹೇಳಿದ್ರು. ತಿನ್ನಾಕ ಬರದ ಮೀನು ಇದ್ದರೇನು, ಹೋದರೇನು ಅಂತ ಎಲ್ಲಾರೂ ನಕ್ಕರು.”

ಮತ್ತೆ ಬಂಡೆಯ ಮೇಲೆ ಕೂತು ಅಂದಳು: “ನಾನೂ ನಕ್ಕಿದ್ದೆ.”