ಹಲವಾಗಲಿನ ಶವವಾಹನ ಕಳವು

ಬೆಳಿಗ್ಗೆ ಹತ್ತಕ್ಕೆ ಹಲವಾಗಲಿನ ವ್ಯಾಪಾರಿ ಹಾಲೇಶಪ್ಪ ಠಾಣೆಗೆ ಬಂದು ದೂರು ಕೊಟ್ಟ. ಅವನ ಸಮಾಜದ ಶವವಾಹನ ಕಳುವಾಗಿತ್ತು.

"ಯಾವತ್ತು?" ಇನ್‌ಸ್ಪೆಕ್ಟರ್ ವಾಣಿಶ್ರೀ ಕೇಳಿದರು.

"ಗೊತ್ತಿಲ್ರಿ ಮೇಡಂ. ಹದಿನೈದು ದಿನದಾಗ ನಮ್ಮೋರು ಯಾರೂ ಸತ್ತಿಲ್ಲ. ಇವತ್ತು ತೊಳ್ಯಾಕ ಹೋದ್ರ ಗಾಡೀನ ಇಲ್ಲ."

"ಕೀಲಿ?"

"ಗಾಡ್ಯಾಗ ಇರ್ತಿತ್ತು. ಹೆಣದ ಗಾಡಿ ಯಾರ್ ಕದೀತಾರ್ರಿ?"

ಹೆಡ್ ಕಾನ್‌ಸ್ಟೇಬಲ್ ಬೊಮ್ಮಪ್ಪ ಕೆಮ್ಮಿ ನಗು ನುಂಗಿದ. ಎಫ್‌ಐಆರ್ ದಾಖಲಾಯಿತು. ಗಾಡಿ ನಿಲ್ಲಿಸುತ್ತಿದ್ದ ಶೆಡ್ಡಿನ ಪಂಚನಾಮೆ ಮುಗಿಸಿ, ಗಾಡಿಯ ನಂಬರನ್ನು ಸುತ್ತಲ ಠಾಣೆಗಳಿಗೆ ಕಳಿಸಿದರು. ಮಧ್ಯಾಹ್ನವೇ ದಾವಣಗೆರೆಯಿಂದ ಉತ್ತರ ಬಂತು: ಗಾಡಿ ಒಂದು ಆಸ್ಪತ್ರೆಯ ಶವಾಗಾರದ ಮುಂದೆ ನಿಂತಿದೆ. ಅಲ್ಲಿ ನಿಂತ ಶವವಾಹನವನ್ನು ಯಾರೂ ವಿಚಾರಿಸಿರಲಿಲ್ಲ.

ಗಾಡಿ ಗುರುತಿಸಲು ಹಾಲೇಶಪ್ಪನೂ ಪೊಲೀಸರ ಜೊತೆಗೆ ಹೋದ.

"ಅದ್ರಾಗೆ ಹೆಣ ಬಂದಿಲ್ಲ," ಎಂದ ಶವಾಗಾರದ ಕಾವಲುಗಾರ. "ಮಲಗಿದ್ದಾಕೆ ಕೈ ಆಡಿಸ್ತಿದ್ಲು. ಮ್ಯಾಲಿನ ವಾರ್ಡಿಗೆ ಒಯ್ದ್ರು."

ವಾರ್ಡಿನಲ್ಲಿ ಹಲವಾಗಲಿನ ಕೇರಿಯ ದುರುಗಮ್ಮ ಮಂಡಕ್ಕಿ ಮೆಣಸಿನಕಾಯಿ ಬೇಕೆಂದು ಮಗಳ ಜೊತೆ ಜಗಳಕ್ಕಿಳಿದಿದ್ದಳು. ಕೊರಳಿಗೆ ಪಟ್ಟಿ, ಪಕ್ಕೆಯಿಂದ ಒಂದು ನಳಿಕೆ. ಮಗಳು ರಮಾ ಸರ್ಕಾರಿ ಬಸ್ಸಿನ ಚಾಲಕಿ.

"ಹುಳುಕು ಹಲ್ಲಿನ ಕೀವು ಕುತ್ತಿಗೆಗೆ ಇಳಿದು, ಅಲ್ಲಿಂದ ಎದೆಗೂಡು ಹೊಕ್ಕಿತ್ತು," ಎಂದರು ಶಸ್ತ್ರವೈದ್ಯೆ ಸುಕನ್ಯಾ. "ಬರೀ ಔಷಧಿಗೆ ಬಗ್ಗುವಂಥದ್ದಲ್ಲ. ಎರಡೂ ಕಡೆ ತೆರೆದು, ಕೊಳೆತದ್ದು ತೆಗೆದು, ತೊಳೆದ್ವಿ. ಎರಡು ಸಲ. ಆವತ್ತು ತಡ ಆಗಿದ್ರೆ ಉಳೀತಿರ್ಲಿಲ್ಲ."

"ಗಾಡಿ ತಂದಾಕಿ ನೀನ ಏನು?" ವಾಣಿಶ್ರೀ ಮಗಳತ್ತ ತಿರುಗಿದರು.

"ನಾನರಿ," ಎಂದಳು ರಮಾ.

"ಆಂಬುಲೆನ್ಸ್?"

"ಬಂತು ಬಂತು ಅಂದ್ರು, ಬರ್ಲಿಲ್ಲ. ಇವ್ರ ಕಾರು ಕೇಳಿದ್ನಿ. ಸೀಟಿಗೆ ಹೊಸ ಕವರ್ ಐತಿ ಅಂದ್ರು."

ಹಾಲೇಶಪ್ಪ ಫ್ಯಾನು ನೋಡಿದ.

"ದಾರ್ಯಾಗ ಯಾರೂ ತಡೀಲಿಲ್ಲ?"

"ಎಲ್ಲಾರೂ ಕೈ ಮುಗಿದು ದಾರಿ ಬಿಟ್ರು ಮೇಡಂ. ನಿಮ್ಮೋರು ಟೋಪಿ ತೆಗದ್ರು."

ಬೊಮ್ಮಪ್ಪನಿಗೆ ಈ ಸಲ ಕೆಮ್ಮು ಸಾಲಲಿಲ್ಲ.

"ಕೇರಿಯೋರು ಹತ್ತಿದ ಗಾಡಿ!" ಹಾಲೇಶಪ್ಪ ಸಿಡುಕಿದ. "ನಮ್ಮ ಮಂದಿಗೆ ಏನ್ ಹೇಳ್ಲಿ?"

"ನಮ್ಮ ಹೆಣಾನ ಹತ್ತಿಸಂಗಿಲ್ಲ ನೀವು," ಎಂದಳು ದುರುಗಮ್ಮ. "ಅದಕ್ಕ ಜೀವ ಇದ್ದಾಗನ ಹತ್ತಿದ್ನಿ."

ವಾರ್ಡಿಗೆ ವಾರ್ಡೇ ನಕ್ಕಿತು.

ಸಂಜೆ ನಾಲ್ಕಕ್ಕೆ ರಮಾಳ ಬಂಧನವಾಯಿತು. "ಹೋಗ್ ಬಾರೇ," ದುರುಗಮ್ಮ ಮಂಚದ ಸರಳು ಹಿಡಿದು ತಾನೇ ಎದ್ದು ಕೂತಳು. "ಜಾಮೀನಿಗೆ ನಾನ ಬರ್ತೀನಿ."

ಕಳವಿನ ಉದ್ದೇಶದ ಬಗ್ಗೆ ವಾಣಿಶ್ರೀ ವರದಿಯಲ್ಲಿ ಮೂರೇ ಸಾಲು ಬರೆದರು: ಆರೋಪಿಯ ತಾಯಿಗೆ ಉಸಿರು ಸಿಗುತ್ತಿರಲಿಲ್ಲ. ಊರಲ್ಲಿ ಕಾರುಗಳಿದ್ದವು. ತಾಯಿ ಈಗ ಉಸಿರಾಡುತ್ತಿದ್ದಾಳೆ.