ಮಾಯಕ್ಕನ ತಾಟಿನ ಅನ್ನ

ಆತ ಎರಡು ಪೊಟ್ಟಣಗಳನ್ನು ನನ್ನ ಟೇಬಲ್ ಮೇಲಿಟ್ಟು, "ಇದರಾಗಿನ ಸತ್ವ ಯಾರರೆ ತಿಂದಾರೇನು, ನೋಡಿ ಹೇಳ್ರಿ ಬಾಯಾರ" ಎಂದ.

ಕಲಬೆರಕೆಯ ಕೇಸಿರಬೇಕೆಂದುಕೊಂಡೆ. ಎರಡು ಸಾವಿರದ ಇಸವಿಯ ಜನವರಿ ಅದು. ಬೆಳಗಾವಿಯ ಕ್ಯಾಂಪ್ ಪ್ರದೇಶದ ಹಳೆಯ ಬಂಗಲೆಯೊಂದರಲ್ಲಿ ನಮ್ಮ ಲ್ಯಾಬ್ ಇತ್ತು. ಯಾವ ಕಾಳಿನಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಅಳೆದು ಬರೆದುಕೊಡುವುದು ನನ್ನ ನೌಕರಿ. ಊರಿನದೇ ಶಹಾಪುರ ಪೇಟೆಯ ನಮ್ಮ ಮನೆಯಲ್ಲಿ ನನ್ನ ಮದುವೆಯ ಮಾತು ಎತ್ತಿ ಎತ್ತಿ ಎಲ್ಲರೂ ದಣಿದಿದ್ದರು.

"ಯಾವ ಗಿರಣಿಯವನ ಮ್ಯಾಲ ಸಂಶೆ?" ಎಂದೆ.

"ಗಿರಣಿಯವ ಅಲ್ರಿ. ನನ್ನ ಹೆಣ್ತಿ ಮ್ಯಾಲ."

ನಕ್ಕುಬಿಟ್ಟೆ. "ಹೆಣ್ತಿ ಉಂಡ್ರ ಕಂಪ್ಲೇಂಟ್ ಏನ್ರಿ?"

"ಕಂಪ್ಲೇಂಟ್ ಇಲ್ರಿ. ಅಕೀ ಸತ್ತು ಎರಡು ವರ್ಷ ಆತು."

ಪೆನ್ನು ಹಿಡಿದ ನನ್ನ ಕೈ ಹಾಗೇ ನಿಂತಿತು. ಆತ ತಮಾಷೆ ಮಾಡುತ್ತಿರಲಿಲ್ಲ.

ಸೋಮಲಿಂಗ ಅಂತ ಹೆಸರು, ಖಾನಾಪುರ ತಾಲೂಕಿನ ಕಣಕುಂಬಿಯವನು, ಭತ್ತದ ಗದ್ದೆ ಇದೆ. ಹೆಂಡತಿ ಮಾಯಕ್ಕ ಜ್ವರದಲ್ಲಿ ಮಲಗಿ ಹೊಸ ಅಕ್ಕಿಯ ಬಿಸಿ ಅನ್ನ ಕೇಳಿದಳಂತೆ. ಅನ್ನ ಬೇಯುವ ಮೊದಲೇ ಹೋಗಿಬಿಟ್ಟಳು. ಅಂದಿನಿಂದ ದಿನಾ ಮಧ್ಯಾಹ್ನ ಅವಳಿಗೊಂದು ಎಡೆ ಇಡುತ್ತಾನೆ. ಸತ್ತವರು ನಾಚಿಕೊಳ್ಳದೆ ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕೂರುತ್ತಾನೆ. ಆಮೇಲೆ ಕೆಮ್ಮಿ ಒಳಗೆ ಹೋದರೆ, ಹೊಗೆಯಾಡುತ್ತಿದ್ದ ಅನ್ನ ಬಾವಿಯ ನೀರಿನಷ್ಟು ತಣ್ಣಗಾಗಿರುತ್ತದೆ.

"ಹಿರ್ಯಾರು ಸತ್ವ ಅಷ್ಟ ಉಣ್ತಾರ, ಅನ್ನ ಹಂಗ ಉಳೀತೈತಿ ಅಂತಾರ. ಒಂದು ಪೊಟ್ಟಣದಾಗ ಗಡಿಗಿ ಅನ್ನ, ಇನ್ನೊಂದರಾಗ ತಾಟಿನ ಅನ್ನ. ಎರಡೂ ಒಂದ ದಿನದ್ದು, ಬಿಸಲಾಗ ಒಣಗಿಸೀನಿ. ಅಕೀ ಬರ್ತಾಳೋ ಇಲ್ಲೋ, ಅಷ್ಟ ಗೊತ್ತಾಗ್ಬೇಕ್ರಿ."

ಅಷ್ಟು ಗಂಭೀರವಾಗಿ ಹೇಳಿದವನು, ನಾನು ಕೂದಲಿಗೆ ಸಿಕ್ಕಿಸಿಕೊಂಡು ಮರೆತಿದ್ದ ಇನ್ನೊಂದು ಪೆನ್ನನ್ನು ನೋಡಿ ಕಣ್ಣಲ್ಲೇ ನಕ್ಕ. ಅದನ್ನು ಕಿತ್ತು ಡ್ರಾಯರಿಗೆ ಹಾಕಿದೆ.

ಅನ್ನವನ್ನು ಪುಡಿ ಮಾಡಿ, ಆಸಿಡ್‌ನಲ್ಲಿ ಕುದಿಸಿ, ಅದರಲ್ಲಿರುವ ಸಾರಜನಕವನ್ನು ಅಳೆದು, ಬಂದದ್ದನ್ನು ಆಯಾ ಧಾನ್ಯಕ್ಕೆ ಗೊತ್ತುಪಡಿಸಿದ ಅಂಕಿಯಿಂದ ಗುಣಿಸಿದರೆ ಪ್ರೋಟೀನ್ ಸಿಗುತ್ತದೆ. ನಾಲ್ಕು ದಿನದ ಕೆಲಸ. ಆದರೂ ನಡುವೆ ಒಮ್ಮೆ ಸಹಿ ಹಾಕಲು ಬರಬೇಕೆಂದು ಸುಳ್ಳು ಹೇಳಿದೆ. ಆತ ಬಂದ. ಸಹಿ ಹಾಕಿ, ಪಕ್ಕದಲ್ಲಿದ್ದ ನನ್ನ 'ಪ್ರಮಿಳಾ' ಎಂಬ ಸಹಿಯನ್ನು ಓದಿ, ಹೋಗದೆ ನಿಂತ.

"ಅಕ್ಕ್ಯಾಗ ಶಕ್ತಿ ಭಾಳ ಇರ್ತೈತೇನ್ರಿ?"

"ನೂರು ಗ್ರಾಂ ಅಕ್ಕ್ಯಾಗ ಏಳು ಗ್ರಾಂ ಪ್ರೋಟೀನ್. ಛಲೋ ಅರಗ್ತೈತಿ, ಕೂಸಿಗೂ ಒಗ್ಗತೈತಿ. ಆದ್ರ ಪ್ರೋಟೀನಿನ್ಯಾಗ ಲೈಸಿನ್ ಅಂತ ಒಂದು ಭಾಗ ಐತಿ, ಅದು ಅಕ್ಕ್ಯಾಗ ಕಡಿಮಿ. ಬ್ಯಾಳ್ಯಾಗ, ಹುರಳ್ಯಾಗ ಬೇಕಾದಷ್ಟು ಐತಿ. ಹುರಳ್ಯಾಗ ಕಡಿಮಿ ಇದ್ದದ್ದು ಅಕ್ಕ್ಯಾಗ ಐತಿ. ಎರಡೂ ಕೂಡಿದ್ರ ಪೂರಾ ಆಗ್ತಾವ."

"ಹಂಗಂದ್ರ ಅವಕ್ಕೂ ಜೋಡಿ ಬೇಕು."

"ಬೇಕ್ರಿ" ಎಂದು ರಿಜಿಸ್ಟರಿನಲ್ಲಿ ಮುಖ ಹುದುಗಿಸಿದೆ. ಆತ ಹೋದ ಮೇಲೆ ಗಡಿಗೆಯ ಅನ್ನದ ಲೆಕ್ಕಕ್ಕೆ ಕುಳಿತೆ.

ನಾಲ್ಕನೇ ದಿನ ಫಲಿತಾಂಶ ಬಂತು. ಗಡಿಗೆಯ ಅನ್ನದಲ್ಲಿ ನೂರು ಗ್ರಾಂಗೆ ಏಳೂವರೆ ಗ್ರಾಂ ಪ್ರೋಟೀನ್. ತಾಟಿನ ಅನ್ನದಲ್ಲಿ ಏಳು ಪಾಯಿಂಟ್ ಒಂದು ನಾಲ್ಕು.

ಆತ ಬಂದಾಗ "ತಾಟಿನ್ಯಾಗ ಕಡಿಮಿ ಐತಿ" ಎಂದಷ್ಟೇ ಹೇಳಿದೆ. ಆತನ ಮುಖ ಅರಳಿತು. "ಅಂದ್ರ ಬರ್ತಾಳ! ಉಣ್ತಾಳ!" ಎಂದವನೇ ನನಗೆ ಕೈಮುಗಿದ. ಸತ್ತ ಹೆಂಗಸೊಬ್ಬಳ ಮೇಲೆ ನನಗೆ ಹೊಟ್ಟೆಕಿಚ್ಚು.

ಒಂದೂವರೆ ತಿಂಗಳಾದ ಮೇಲೆ ಅವನ ಸೋದರತ್ತೆ ಭೀಮಕ್ಕ ಲ್ಯಾಬ್ ಹುಡುಕಿಕೊಂಡು ಬಂದಳು.

"ಏನ್ ಹೇಳಿ ಕಳಿಸಿದಿ ತಂಗಿ ಅವಗ? ಬ್ಯಾಳಿ ಬಿಟ್ಟ, ಹಾಲು ಬಿಟ್ಟ. ಹೆಣ್ತಿ ಉಂಡು ಬಿಟ್ಟದ್ದ ನನಗ ಊಟ ಅಂತ ಆ ತಾಟಿನ ಅನ್ನ ಅಷ್ಟ ನಾಕ ತುತ್ತು ತಿಂತಾನ. ಕಾಲು ಬಾತಾವ. ಸಾಯ್ತಾನ ಅವ."

ರಿಜಿಸ್ಟರ್ ತೆಗೆದೆ. ಎರಡೂ ಅನ್ನದಲ್ಲಿ ಸಾರಜನಕ ಒಂದೇ ಇತ್ತು, ಒಂದು ಪಾಯಿಂಟ್ ಎರಡು. ಬೇರೆ ಧಾನ್ಯ, ಕಾಳುಗಳಿಗೆ ಬಳಸುವ ಆರೂಕಾಲರಿಂದ ಗಡಿಗೆಯ ಅನ್ನವನ್ನು ಗುಣಿಸಿದ್ದೆ. ಅಕ್ಕಿಗೆಂದೇ ಇರುವ ಐದು ಪಾಯಿಂಟ್ ಒಂಬತ್ತೈದರಿಂದ ತಾಟಿನ ಅನ್ನವನ್ನು ಗುಣಿಸಿದ್ದೆ. ಮೊದಲನೆಯದನ್ನು ಲೆಕ್ಕ ಹಾಕಿದ್ದು ಆತ ಸಹಿಗೆ ಬಂದುಹೋದ ದಿನ. ಒಂಬತ್ತು ವರ್ಷದ ನೌಕರಿಯಲ್ಲಿ ಮಾಡದ ತಪ್ಪು. ಅದು ಒಬ್ಬನ ಪ್ರಾಣಕ್ಕೆ ಬಂದಿತ್ತು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಖಾನಾಪುರದಲ್ಲಿ ಬಸ್ ಬದಲಿಸಿ ಕಣಕುಂಬಿ ತಲುಪಿದೆವು. ಬಿಸಿಲು ನೆತ್ತಿಗೇರಿತ್ತು. ಹಕ್ಕಿಯ ದನಿಯೂ ಇರಲಿಲ್ಲ. ಭೀಮಕ್ಕ ಮನೆಯವರು ಮಾಡಿಟ್ಟಿದ್ದ ಹುರಳಿ ಸಾರಿನ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ತನ್ನ ಮನೆಯ ಬಾಗಿಲಲ್ಲೇ ನಿಂತಳು. "ಈ ಹೊತ್ತಿನ್ಯಾಗ ನಾ ಆ ಮನಿಗೆ ಬರಂಗಿಲ್ಲ" ಎಂದಳು.

ಸೋಮಲಿಂಗ ಆಗಷ್ಟೇ ಎಡೆ ಇಟ್ಟು, ಬಾಗಿಲು ಮುಚ್ಚಿ, ಕಟ್ಟೆಯ ಮೇಲೆ ಕುಳಿತಿದ್ದ. ಕೆನ್ನೆ ಒಳಗೆ ಹೋಗಿತ್ತು, ಪಾದಗಳು ಊದಿದ್ದವು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದ.

"ಕುಂದರ್ರಿ" ಎಂದ. "ಸಾವಕಾಶ ಮಾತಾಡ್ರಿ. ಉಣ್ಣಾಕತ್ತಾಳ."

ಒಳಗೆ ನೆಲದ ಮೇಲೆ ಹಿತ್ತಾಳೆಯ ತಾಟು ಮೆಲ್ಲಗೆ ಉಜ್ಜಿದ ಸದ್ದಾಯಿತು. ಓಡಿಹೋಗಬೇಕೆನಿಸಿತು. ಆದರೆ ಆ ಊದಿದ ಪಾದಗಳನ್ನು ಬಿಟ್ಟು ಎಲ್ಲಿಗೆ ಓಡಲಿ?

"ನಾ ತಪ್ಪು ಹೇಳಿದೆರಿ" ಎಂದೆ. "ಗುಣಾಕಾರ ತಪ್ಪೇತಿ. ಎರಡೂ ಅನ್ನ ಒಂದ. ತಾಟಿನ್ಯಾಗ ಏನೂ ಕಡಿಮಿ ಆಗಿಲ್ಲ."

ನಿರಾಳವಾಗುತ್ತಾನೆ ಎಂದುಕೊಂಡಿದ್ದೆ. ಆತ ಮಗುವಿನ ಹಾಗೆ ಅತ್ತುಬಿಟ್ಟ.

"ಅಂದ್ರ ಎರಡು ವರ್ಷ ಅಕೀ ಉಪಾಸ ಅದಾಳ?"

ನಾನೇ ಎದ್ದೆ, ಕೆಮ್ಮಿದೆ, ಬಾಗಿಲು ತೆರೆದೆ.

ಕೋಣೆ ತಣ್ಣಗಿತ್ತು. ಬೆಕ್ಕಿಲ್ಲ, ಇಲಿಯಿಲ್ಲ. ತಾಟಿನ ಮುಂದೆ ಕುಳಿತು ಅನ್ನ ಮುಟ್ಟಿದೆ. ಅದರ ಥಂಡಿಗೆ ಬೆರಳು ಮರಗಟ್ಟಿದವು. ಹುರಳಿ ಸಾರು ಸುರಿದುಕೊಂಡು ಕಲಸತೊಡಗಿದೆ.

"ಬಾಯಾರ! ಸತ್ತವರ ಎಡಿ ಅದು. ಬ್ಯಾಡ್ರಿ!" ಆತ ಬಾಗಿಲಲ್ಲಿ ನಿಂತು ಕೂಗಿದ.

"ಗೊತ್ತೈತಿ. ನೀವು ಉಣ್ಣುದಿಲ್ಲ ಅಂದ್ರ ನಾ ಉಣ್ತೀನಿ. ದಿನಾ ಬಂದು ಉಣ್ತೀನಿ. ನಿಮ್ಮನ್ನ ಸಾಯಾಕ ಬಿಡಾಕ ನನ್ನಿಂದ ಆಗೂದಿಲ್ರಿ." ಕಲಸುವುದನ್ನು ನಿಲ್ಲಿಸದೆ ಹೇಳಿದೆ. "ನಿಮ್ಮ ಮ್ಯಾಲ ಮನಸಾಗೇತಿ. ಅದಕ್ಕ ಆ ಲೆಕ್ಕಾ ತಪ್ಪಿತು."

ತುತ್ತು ಬಾಯಿಗಿಟ್ಟೆ. ಆಗ ತಾಟಿನ ಆಚೆ ಬದಿಯ ಬಿಳಿ ಅನ್ನ, ನಾನು ಮುಟ್ಟದೆಯೇ, ನನ್ನ ಕಡೆಗೆ ಒಂದು ಹಿಡಿಯಷ್ಟು ಸರಿದು ಬಂತು. ಎದುರಿಗೆ ಕುಳಿತವರು ಬೆರಳ ತುದಿಯಿಂದ ದೂಡಿದ ಹಾಗೆ. ಅನ್ನದ ಮೇಲೆ ನಾಲ್ಕು ಗೆರೆ ಮೂಡಿದ್ದವು.

ಸೋಮಲಿಂಗನೂ ಅದನ್ನೇ ನೋಡುತ್ತಿದ್ದ.

"ಹಂಗ ಮಾಡ್ತಿದ್ಲ್ರಿ ಅಕೀ" ಎಂದ ಪಿಸುದನಿಯಲ್ಲಿ. "ಒಂದ ತಾಟಿನ್ಯಾಗ ಉಣ್ಣೂ ಮುಂದ, ನನಗ ಹೊಟ್ಟಿ ತುಂಬೇತಿ, ನೀ ಉಣ್ಣು ಅಂತ ತನ್ನ ಪಾಲಿಂದು ನನ್ನ ಕಡೆ ಸರಸ್ತಿದ್ಲು."

ನನಗೂ ಆಗಲೇ ತಿಳಿಯಿತು. ಅವಳು ಬರುತ್ತಿದ್ದದ್ದು ಉಣ್ಣಲಿಕ್ಕಲ್ಲ, ಅವನಿಗೆ ಉಣಿಸಲಿಕ್ಕೆ.

ಗೋಡೆ ಹಿಡಿದುಕೊಂಡು ಆತ ಒಳಗೆ ಬಂದ. ನನ್ನ ಪಕ್ಕಕ್ಕೆ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕುಳಿತ. ಎದುರಿನ ಅವಳ ಜಾಗವನ್ನು ಖಾಲಿಯೇ ಬಿಟ್ಟ. ಸರಿದು ಬಂದ ಆ ಅನ್ನಕ್ಕೆ ಕೈ ಹಾಕಿ, ತಲೆ ಎತ್ತದೆ ಕೇಳಿದ:

"ಪ್ರಮಿಳಾ, ನನಗೂ ಒಂದೀಟು ಸಾರು ಹಾಕ್ರಿ."